ಕತ್ತಿ, ಹಿಡಿ, ಒರೆ: ಬೀದರ್ ಸೀಮೆಯ ಕಬ್ಬಿಣ, ಬೆಳ್ಳಿ ಮತ್ತು ತೊಗಲಿನ ಕಸುಬು

ಬೀದರ್ ನಗರ, ಈಗ ಅದರೊಳಗೇ ಬೆರೆತುಹೋಗಿರುವ ಚಿದ್ರಿ, ವಾಯವ್ಯಕ್ಕೆ ಭಾಲ್ಕಿ, ಉತ್ತರಕ್ಕೆ ಔರಾದ್: ಕರ್ನಾಟಕದ ಈ ತುದಿಯಿಂದ ಒಂದು ಕಡೆ ಮಹಾರಾಷ್ಟ್ರಕ್ಕೆ, ಇನ್ನೊಂದು ಕಡೆ ತೆಲಂಗಾಣಕ್ಕೆ ದಾಟುವುದು ಸಲೀಸು. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ನಾಲ್ಕೂ ಸಂತೆಯಲ್ಲಿ ಓಡಾಡುವ ಈ ಗಡಿಸೀಮೆಯಲ್ಲಿ ಕತ್ತಿ ಎಂಬ ವಸ್ತು ಎಂದೂ ಒಬ್ಬನ ಕೈಯಿಂದ ಆದದ್ದಲ್ಲ. ಅಲಗು ಕಮ್ಮಾರನದು. ಹಿಡಿ ಬಡಿಗನದು, ಇಲ್ಲವೇ ಲೋಹದ ಮೇಲೆ ಬೆಳ್ಳಿ ಕೂರಿಸಬಲ್ಲ ಕುಸುರಿಗಾರನದು. ಒರೆ ಸಮಗಾರನದು. ಈ ಮೂರು ಕಸುಬುಗಳನ್ನು ಬೇರೆಬೇರೆ ಪುಸ್ತಕಗಳಲ್ಲಿ ಓದುವ ರೂಢಿಯಿಂದಾಗಿ ಬೆಳ್ಳಿ ಕೂರಿಸುವ ಬಿದರಿ ಕಲೆ ಲೋಕಪ್ರಸಿದ್ಧವಾಯಿತು; ಕುಲುಮೆ ಮತ್ತು ತೊಗಲಿನ ಕೆಲಸ ಮರೆಗೆ ಸರಿದವು. ಮೂರನ್ನೂ ಒಟ್ಟಿಗಿಟ್ಟು ನೋಡಿದಾಗಲೇ ದಖನಿನ ಕತ್ತಿ ಅರ್ಥವಾಗುವುದು. ಕತ್ತಿಯ ಅಲಂಕಾರವೆಲ್ಲ ಕೊಯ್ಯದ ಭಾಗಗಳ ಮೇಲೆ, ಅಂದರೆ ಹಿಡಿ ಮತ್ತು ಒರೆಯ ಮೇಲೆ ಬೆಳೆದು ನಿಂತಿದೆ.

ಅಲಗು

ಹಳ್ಳಿಯ ಕುಲುಮೆಯಲ್ಲಿ ಹುಟ್ಟುವ ಅಲಗುಗಳಿಗೆ ಹೊಲ ಮತ್ತು ಅಡುಗೆಮನೆಯೇ ಗುರಿ. ಜೋಳ ಕೊಯ್ಯಲು ಕುಡುಗೋಲು, ಕಳೆ ತೆಗೆಯಲು ಕುರುಪಿ, ತರಕಾರಿ ಹೆಚ್ಚಲು ಈಳಿಗೆ, ಸೌದೆಗೆ ಕೊಡಲಿ. ಭಾಲ್ಕಿ ಕಡೆ ಕಬ್ಬಿನ ಬೆಳೆ ಹೆಚ್ಚಿದಂತೆ ಕೊಯ್ತಾ ಮುಖ್ಯ ಆಯುಧವಾಯಿತು. ಅಗಲ ಅಲಗಿನ, ಕಿರಿದಾದ ಹಿಡಿಯ ಈ ಕತ್ತಿ ಕಬ್ಬನ್ನು ಬುಡದಲ್ಲಿ ಕಡಿಯಬೇಕು, ಅದೇ ಏಟಿನ ಓಘದಲ್ಲಿ ರವದಿ ಸವರಬೇಕು. ಆದ್ದರಿಂದ ಅದರ ತೂಕವೆಲ್ಲ ಮುಂದಕ್ಕೆ ವಾಲಿರುತ್ತದೆ. ಹಿಡಿಗೆ ಜಾಲಿ ಮರವನ್ನು ಆರಿಸುತ್ತಾರೆ. ಅದು ಗಟ್ಟಿ, ಸುಲಭಕ್ಕೆ ಸೀಳುವುದಿಲ್ಲ.

ಕೆಲಸದ ಕ್ರಮ ಹಳೆಯದೇ. ಕುಲುಮೆಯ ಇದ್ದಿಲಲ್ಲಿ ಕಬ್ಬಿಣ ಕೆಂಪಗೆ ಕಾಯುತ್ತದೆ. ಹಿಂದೆ ತೊಗಲಿನ ತಿದಿ ಗಾಳಿ ಊದುತ್ತಿತ್ತು, ಈಗ ಕೈತಿರುಗಣೆ ಅಥವಾ ವಿದ್ಯುತ್ ಪಂಖ. ಇಕ್ಕಳದಲ್ಲಿ ಹಿಡಿದ ತುಂಡನ್ನು ಅಡಿಗಲ್ಲಿನ ಮೇಲಿಟ್ಟು ಒಬ್ಬರು ಸುತ್ತಿಗೆಯಿಂದ ಜಾಗ ತೋರಿಸಿದರೆ ಇನ್ನೊಬ್ಬರು ಚಮ್ಮಟಿಗೆಯಿಂದ ಬಡಿಯುತ್ತಾರೆ. ಅನೇಕ ಮನೆಗಳಲ್ಲಿ ಈ ಚಮ್ಮಟಿಗೆ ಹೆಂಗಸರ ಕೈಯಲ್ಲಿರುತ್ತದೆ. ಊರೂರು ಅಲೆದು ರಸ್ತೆ ಬದಿಯಲ್ಲಿ ಕುಲುಮೆ ಹೂಡುವ ಘಿಸಾಡಿ ಕುಟುಂಬಗಳಲ್ಲಂತೂ ಅದು ಎದ್ದುಕಾಣುವ ದೃಶ್ಯ. ಇಂದಿನ ಕಚ್ಚಾಮಾಲು ಹೆಚ್ಚಾಗಿ ಲಾರಿಯ ಹಳೆಯ ಕಮಾನ್ ಪಟ್ಟಿ. ಅದರಲ್ಲಿ ಶೇ. 0.5ರಿಂದ 0.6ರಷ್ಟು ಇಂಗಾಲ ಇರುವುದರಿಂದ ಹದ ಕೊಟ್ಟರೆ ಅಂಚು ನಿಲ್ಲುತ್ತದೆ. ಬರಿ ಮೆದುಗಬ್ಬಿಣ ಎಷ್ಟು ಬಡಿದರೂ ಹಾಗೆ ನಿಲ್ಲದು. ಹದ ಕೊಡುವುದೇ ಕಮ್ಮಾರನ ವಿದ್ಯೆಯ ತಿರುಳು. ಕಾದ ಅಲಗನ್ನು ನೀರಿಗೋ ಎಣ್ಣೆಗೋ ಅದ್ದಿದಾಗ ಅದು ಗಾಜಿನಂತೆ ಪೆಡಸಾಗುತ್ತದೆ. ಮತ್ತೆ ನವುರಾಗಿ ಕಾಯಿಸಿ ಆ ಪೆಡಸನ್ನು ಒಂದಿಷ್ಟು ಇಳಿಸಬೇಕು. ಉಜ್ಜಿ ಬೆಳಗಿಸಿದ ಅಂಚಿನ ಮೇಲೆ ಹುಲ್ಲುಹಳದಿ, ಕಂದು, ನೇರಳೆ, ನೀಲಿ ಎಂದು ಬಣ್ಣಗಳು ಸರಿಯುತ್ತ ಬರುವಾಗ ಎಲ್ಲಿ ತಡೆಯಬೇಕೆಂಬುದನ್ನು ಕಣ್ಣೇ ಹೇಳಬೇಕು. ಅಳತೆಯ ಉಪಕರಣವಿಲ್ಲದೆ ಸಾಧಿಸುವ ಈ ನಿಖರತೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಲಾರಿಗಳು ಬರುವ ಮುಂಚೆ ಒಳ್ಳೆಯ ಉಕ್ಕು ಎಲ್ಲಿಂದ ಬರುತ್ತಿತ್ತು? ದಖನಿನ ಉತ್ತರ ಮೂಸೆಯ ಉಕ್ಕು. ಹೊಟ್ಟು ಬೆರೆಸಿದ ಜೇಡಿಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ಕಟ್ಟಿಗೆಯ ಚೂರು, ಹಸಿ ಎಲೆ ತುಂಬಿ, ಬಾಯಿ ಮುಚ್ಚಿ, ಗಂಟೆಗಟ್ಟಲೆ ಊದಿ ಕರಗಿಸಿದರೆ ಶೇ. 1ರಿಂದ 2ರಷ್ಟು ಇಂಗಾಲವುಳ್ಳ ಗಟ್ಟಿ ದೊರೆಯುತ್ತಿತ್ತು. ಅದನ್ನು ಕಡಿಮೆ ಬಿಸಿಯಲ್ಲಿ, ತಾಳ್ಮೆಯಿಂದ ಬಡಿದಾಗ ಅಲಗಿನ ಮೇಲೆ ನೀರಲೆಯಂಥ ಗೆರೆಗಳು ಮೂಡುತ್ತಿದ್ದವು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕ್ರಮವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಚಿತ್ರದುರ್ಗ ಸೀಮೆಯ ಘಟ್ಟಿಹೊಸಹಳ್ಳಿಯಲ್ಲಿ ಮೂಸೆಗಳ ಅವಶೇಷ ಸಿಕ್ಕಿದೆ. ಬೀದರಿಗೆ ಹೆಚ್ಚು ಹತ್ತಿರದ ಕೇಂದ್ರವೆಂದರೆ ನಿಜಾಮಾಬಾದ್ ಸೀಮೆಯ ಕೋನಸಮುದ್ರಂ. 1832ರಲ್ಲಿ ಪ್ರಕಟವಾದ ಹೆನ್ರಿ ವಾಯ್ಸಿಯ ವರದಿಯ ಪ್ರಕಾರ ಇಸ್ಫಹಾನದ ವರ್ತಕನೊಬ್ಬ ಅಲ್ಲಿಯೇ ಬಂದು ಕೂತು ಉಕ್ಕನ್ನು ತೂಗಿಸಿ ಕೊಳ್ಳುತ್ತಿದ್ದ. ಪರ್ಷಿಯಾದ ಹೆಸರಾಂತ ಕತ್ತಿಗಳ ಒಡಲಿನಲ್ಲಿ ದಖನಿನ ಉಕ್ಕು ಇತ್ತೆಂಬುದಕ್ಕೆ ಇಂಥ ದಾಖಲೆಗಳೇ ಆಧಾರ.

ಮೂಸೆಗೆ ಹಾಕುತ್ತಿದ್ದ ಕಟ್ಟಿಗೆ ಯಾವುದೆಂಬುದನ್ನು ಇಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು: ತಂಗಡಿ. ಬದುವಿನ ಮೇಲೆ, ಪಡ ಬಿದ್ದ ನೆಲದಲ್ಲಿ ಹಳದಿ ಹೂ ಬಿಡುವ ಪೊದೆ. ಒರೆಯ ಮಾತು ಬಂದಾಗ ಈ ಗಿಡ ಮತ್ತೆ ಬರುತ್ತದೆ.

ಹಿಡಿ

15ನೇ ಶತಮಾನದಲ್ಲಿ ಅಹಮದ್ ಷಾ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಅದೇ ಶತಮಾನದ ಎಪ್ಪತ್ತರ ದಶಕದ ಹೊತ್ತಿಗೆ ಇಲ್ಲಿ ಇದ್ದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಸುಲ್ತಾನನ ಮೆರವಣಿಗೆಯನ್ನು ವರ್ಣಿಸಿದ್ದಾನೆ. ಆನೆಗಳ ದಂತಕ್ಕೆ ಕಟ್ಟಿದ ಭಾರಿ ಕತ್ತಿಗಳು, ಡಾಲು–ಕತ್ತಿ ಹಿಡಿದು ನಡೆಯುವ ಆಳುಗಳು, ಸುಲ್ತಾನನ ಮೈಮೇಲೆ ಚಿನ್ನದ ಕಟ್ಟಿನ ಮೂರು ಕತ್ತಿಗಳು. ಅವನ ಕಣ್ಣಿಗೆ ಬಿದ್ದದ್ದು ಅಲಗಲ್ಲ, ಚಿನ್ನದ ಕಟ್ಟು. ಒರೆಯೊಳಗಿನ ಅಲಗು ಯುದ್ಧದಲ್ಲಿ ಮಾತ್ರ ಕಾಣುತ್ತದೆ. ದರಬಾರಿನಲ್ಲಿ ಮಾತಾಡುವುದು ಹಿಡಿ ಮತ್ತು ಒರೆ.

ದಖನಿ ಸುಲ್ತಾನರ ಕಾಲದ ಹಿಡಿಗಳಲ್ಲಿ ಕಲ್ಪನೆ ಎಷ್ಟು ದೂರ ಹೋಗಿತ್ತೆಂಬುದಕ್ಕೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ 16ನೇ ಶತಮಾನದ ಬಿಜಾಪುರದ ಬಾಕು ಸಾಕ್ಷಿ. ಚಿನ್ನದ ಮುಲಾಮಿನ ತಾಮ್ರದ ಹಿಡಿಯಲ್ಲಿ ಒಂದನ್ನೊಂದು ಕಚ್ಚಿ ಹೆಣೆದುಕೊಂಡ ಪ್ರಾಣಿಗಳು, ನಡುವೆ ಮಾಣಿಕ್ಯ. ಇನ್ನೊಂದು ತುದಿಯಲ್ಲಿ ಫಿರಂಗಿ ಎಂಬ ಕತ್ತಿ. ಅದರ ಅಲಗು ಪೋರ್ಚುಗೀಸರ ಹಡಗುಗಳಲ್ಲಿ ಯುರೋಪಿನಿಂದ ಬಂದದ್ದು, ಹಿಡಿ ಇಲ್ಲಿನದು. ಅಲಗು ಹೊರಗಿನದಾದರೂ ಕತ್ತಿ ದಖನಿಯದೇ ಎನಿಸಿಕೊಂಡದ್ದು ಆ ಹಿಡಿಯಿಂದ. ಅಲಗಿನ ಬಾಲವನ್ನು ಹಿಡಿಯ ಟೊಳ್ಳಿನಲ್ಲಿಟ್ಟು ಕಾಯಿಸಿದ ಅರಗು ತುಂಬಿ ಬಿಗಿಯುತ್ತಿದ್ದ ಪದ್ಧತಿಯಿಂದ ಇಂಥ ಅದಲುಬದಲು ಸುಲಭವಾಗಿತ್ತು.

ಉಕ್ಕಿನ ಹಿಡಿಯ ಮೇಲೆ ಚಿನ್ನ–ಬೆಳ್ಳಿ ಕೂರಿಸುವ ಕೆಲಸಕ್ಕೆ ಕೋಫ್ತಗರಿ ಎಂದು ಹೆಸರು. ಉಕ್ಕಿನ ಮೈಯನ್ನು ಒತ್ತೊತ್ತಾಗಿ ಗೀರಿ ತರಿಯಾಗಿಸಿ, ಅದರ ಮೇಲೆ ಬೆಳ್ಳಿಯ ಎಳೆಯನ್ನು ಬಡಿದು ಹಿಡಿಸುತ್ತಾರೆ. ಇದಕ್ಕಿಂತ ಆಳದ ಕೆಲಸದಲ್ಲಿ ತೋಡು ಕೊರೆದು ಬೆಳ್ಳಿಯನ್ನು ಅದರೊಳಗೇ ಇಳಿಸುತ್ತಾರೆ. ಆಯುಧಶಾಲೆಯ ಈ ಎರಡನೆಯ ವಿದ್ಯೆಯೂ ಬೀದರಿನ ಕುಸುರಿಗಾರರ ವಿದ್ಯೆಯೂ ಒಂದೇ ಮನೆತನದವು. ತಾರ್‌ಕಶಿ, ತೆಹ್‌ನಿಶಾನ್, ಜರ್‌ನಿಶಾನ್ ಎಂಬ ಹೆಸರುಗಳೇ ಅದನ್ನು ತೋರಿಸುತ್ತವೆ. ತಾರ್‌ಕಶಿಯಲ್ಲಿ ತಂತಿ, ತೆಹ್‌ನಿಶಾನಿಯಲ್ಲಿ ತಗಡು ಒಳಗಿಳಿಯುತ್ತದೆ. ಜರ್‌ನಿಶಾನಿಯಲ್ಲಿ ಬೆಳ್ಳಿ ಮೈಯಿಂದ ತುಸು ಮೇಲೇಳುತ್ತದೆ, ಜರ್‌ಬುಲಂದಿನಲ್ಲಿ ಇನ್ನಷ್ಟು ಉಬ್ಬುತ್ತದೆ. ಅಫ್ತಾಬಿಯಲ್ಲಿ ಬೆಳ್ಳಿಯ ತಗಡೇ ಬಯಲು. ಅದನ್ನು ಕತ್ತರಿಸಿ ತೆಗೆದ ಜಾಗದಲ್ಲಿ ಕಪ್ಪು ಚಿತ್ತಾರ ಕಾಣುತ್ತದೆ.

ಬಿದರಿಯ ಮೂಲಲೋಹ ಮಾತ್ರ ಆಯುಧದ ಲೋಹವಲ್ಲ. ಇಂದು ರೂಢಿಯಲ್ಲಿರುವ ಪ್ರಮಾಣ 16 ಪಾಲು ಸತುವಿಗೆ 1 ಪಾಲು ತಾಮ್ರ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್ 19ನೇ ಶತಮಾನದ ಆರಂಭದಲ್ಲಿ ಬರೆದಿಟ್ಟ ಕ್ರಮ ಬೇರೆ: 16 ಭಾಗ ತಾಮ್ರ, 4 ಭಾಗ ಸೀಸ, 2 ಭಾಗ ತವರ ಒಟ್ಟಿಗೆ ಕರಗಿಸಿ, ಆ ಮಿಶ್ರಣದ 3 ಭಾಗಕ್ಕೆ 16 ಭಾಗ ಸತುವು ಸೇರಿಸುವುದು. (ದಖನಿನ ಮೂಸೆಯುಕ್ಕಿನ ಬಗ್ಗೆಯೂ ಬರೆದವನು ಇದೇ ಹೇನ್. ಎರಡು ಕಸುಬುಗಳನ್ನೂ ಒಂದೇ ಕುತೂಹಲದಿಂದ ನೋಡಿದ ಅವನ ಕಣ್ಣು ನಮ್ಮ ಕಾಲದ ಕಲಾಚರಿತ್ರೆಗೂ ಬೇಕಾಗಿದೆ.) ಯಾವ ಪ್ರಮಾಣವಾದರೂ ಈ ಎರಕ ಪೆಡಸು. ಬಡಿದರೆ ಬಾಗದೆ ಒಡೆಯುತ್ತದೆ, ಅಂಚು ಹಿಡಿಯುವುದಿಲ್ಲ. ಹಾಗಾಗಿ ಬಿದರಿ ಕತ್ತಿಯ ಅಲಗಾಗಲಿಲ್ಲ; ಹುಕ್ಕಾದ ಬುಡವಾಯಿತು, ಪಾನ್‌ದಾನ್ ಆಯಿತು, ಹೂಜಿ, ತಟ್ಟೆ, ಕೈಬೋಗುಣಿಯಾಯಿತು. ಇಂದು ಬೀದರಿನ ಕುಸುರಿಗಾರರು ಮಾಡುವ ಕಾಗದ ಸೀಳುವ ಚೂರಿಯೇ ಅದು ಕತ್ತಿಯ ಆಕಾರಕ್ಕೆ ಅತಿ ಹತ್ತಿರ ಬರುವ ರೂಪ.

ಕೆಲಸದ ಬಗೆ ಹೀಗಿದೆ. ಹರಳೆಣ್ಣೆ, ರಾಳ ಕಲಸಿದ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ, ಅಚ್ಚಿನ ನೆರವಿಲ್ಲದೆ, ಚಿತ್ರ ಬರೆಯುತ್ತಾರೆ. ನಂತರ ಸಣ್ಣ ಉಳಿಗಳಿಂದ ತೋಡು ಕೊರೆಯುವುದು, ಅದರಲ್ಲಿ ಅಪ್ಪಟ ಬೆಳ್ಳಿಯ ತಂತಿ ಅಥವಾ ತಗಡನ್ನು ಇಟ್ಟು ಮೆಲ್ಲಗೆ ಬಡಿಯುವುದು. ಅಂಟು ಇಲ್ಲ, ಬೆಸುಗೆ ಇಲ್ಲ. ತೋಡಿನ ಅಂಚೇ ಬೆಳ್ಳಿಯನ್ನು ಕಚ್ಚಿ ಹಿಡಿಯಬೇಕು. ಮತ್ತೆ ಉಜ್ಜಿದಾಗ ಇಡೀ ವಸ್ತು ಬೂದು; ಬೆಳ್ಳಿ ಎಲ್ಲಿ, ಸತುವು ಎಲ್ಲಿ ತಿಳಿಯುವುದೂ ಕಷ್ಟ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಯಾಗಿರುವಾಗಲೇ ಸವರುತ್ತಾರೆ. ಸತುವಿನ ಮೈ ಗಾಢ ಕಪ್ಪಿಗೆ ತಿರುಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಮಳೆ–ಬಿಸಿಲು ತಾಗದ ಹಳೆಯ ಗೋಡೆಯ ಸಂದಿನ ಮಣ್ಣೇ ಆಗಬೇಕು ಎನ್ನುತ್ತಾರೆ ಕಸುಬುದಾರರು. ಅದನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುವ ರೂಢಿಯೂ ಇದೆ. 1987ರಲ್ಲಿ ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಪ್ರಕಟಿಸಿದ ಪರೀಕ್ಷೆಗಳು ಇನ್ನೊಂದು ಗುಟ್ಟನ್ನು ಖಚಿತಪಡಿಸಿದವು. ಸತುವಿನಲ್ಲಿ ಆ ಸ್ವಲ್ಪ ತಾಮ್ರ ಇಲ್ಲದಿದ್ದರೆ ಕಪ್ಪು ಇಷ್ಟು ಗಾಢವಾಗಿ ಹತ್ತುವುದಿಲ್ಲ.

ಈ ಕಲೆಯನ್ನು ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಕರ್ಮಿ ಬಹಮನಿ ಆಸ್ಥಾನಕ್ಕೆ ತಂದನೆಂಬುದು ಬೀದರಿನ ಕುಟುಂಬಗಳಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸ ನೋಡಿದವರಿಗೆ, ಕಪ್ಪಿನೊಳಗೆ ಬಿಳಿ ಇಡುವ ಮೋಹ ಈ ಊರಿಗೆ ಎಷ್ಟು ಹಳೆಯದೆಂದು ಬೇರೆ ಹೇಳಬೇಕಿಲ್ಲ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದರಿ ವಸ್ತುಗಳಿದ್ದವು. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2023ರಲ್ಲಿ ಬೀದರಿನ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು.

ಒರೆ

ದಖನಿನ ಒರೆ ಹೊರಗಿಂದ ತೊಗಲು, ಒಳಗಿಂದ ಮರ. ತೆಳ್ಳನೆಯ ಎರಡು ಮರದ ಪಟ್ಟಿಗಳನ್ನು ಅಲಗಿನ ಬಾಗಿಗೆ ಸರಿಯಾಗಿ ಕೆತ್ತಿ ಜೋಡಿಸಿ, ಮೇಲೆ ತೊಗಲು ಎಳೆದು ಹೊಲಿಯುತ್ತಾರೆ. ದೊರೆಗಳ ಕತ್ತಿಗಾದರೆ ಮಖಮಲ್ಲು. ಬಾಯಿಗೆ ಹಾಕುವ ಲೋಹದ ಕಟ್ಟಿಗೆ ಮುಹ್‌ನಾಲ್, ತುದಿಯ ಟೊಪ್ಪಿಗೆಗೆ ತಹ್‌ನಾಲ್ ಎನ್ನುತ್ತಾರೆ. ಮರ ಯಾಕೆ ಬೇಕು ಎಂಬುದಕ್ಕೆ ಗಟ್ಟಿ ಕಾರಣವಿದೆ. ತೊಗಲು ತೇವ ಹೀರಿಕೊಂಡು ಇಟ್ಟುಕೊಳ್ಳುತ್ತದೆ, ಹದ ಮಾಡಿದ ಒಗರು ಅದರಲ್ಲಿ ಉಳಿದಿರುತ್ತದೆ. ಆ ಒಗರಿಗೆ ಕಬ್ಬಿಣ ನೇರವಾಗಿ ತಾಗಿದರೆ ಕಲೆಯಾಗುತ್ತದೆ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ತೊಗಲಿಗೂ ಉಕ್ಕಿಗೂ ನಡುವೆ ಮರ ಕಾವಲು ನಿಲ್ಲುತ್ತದೆ. ಇದೇ ರಸಾಯನವನ್ನು ಬೇಕೆಂದೇ ಬಳಸಿದರೆ ಬಣ್ಣವಾಗುತ್ತದೆ: ಅಳಲೆಕಾಯಿಯ ಒಗರಿಗೆ ಕಬ್ಬಿಣದ ನೀರು ಸೇರಿದಾಗ ತೊಗಲು ಕಡುಗಪ್ಪಾಗುತ್ತದೆ.

ಹದ ಮಾಡುವುದೆಂದರೆ ಮೊದಲು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುವುದು, ಮಾಂಸದ ಪೊರೆ ಹೆರೆಯುವುದು, ಸುಣ್ಣ ತೊಳೆದುಹೋಗುವಂತೆ ಮಾಡುವುದು, ಆಮೇಲೆ ತೊಗಟೆಯ ಕಷಾಯದಲ್ಲಿ ವಾರಗಟ್ಟಲೆ ಇಡುವುದು. ಈ ತೊಗಟೆಗಳಲ್ಲಿ ಜಾಲಿ ಇದೆ, ಅದರ ಜೊತೆ ಅಳಲೆಕಾಯಿ ಇದೆ. ದಕ್ಷಿಣ ಭಾರತದ ಚರ್ಮೋದ್ಯಮವನ್ನೇ ಬಹುಕಾಲ ಹೊತ್ತು ನಿಂತದ್ದು ಮಾತ್ರ ತಂಗಡಿಯ ತೊಗಟೆ. ಮೂಸೆಯಲ್ಲಿ ಇದ್ದಿಲಾಗಿ ಉಕ್ಕಿಗೆ ಇಂಗಾಲ ಕೊಟ್ಟ ಅದೇ ಗಿಡ. ಕಾಂಡ ಕುಲುಮೆಗೆ, ತೊಗಟೆ ಹದದ ತೊಟ್ಟಿಗೆ. ಒಂದು ಬಂಜರು ಪೊದೆಯಿಂದ ಅಲಗೂ ಒರೆಯೂ ತಮ್ಮ ಗುಣ ಪಡೆದದ್ದು ಈ ಕಸುಬಿನ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ತೆಲಂಗಾಣ ಅದನ್ನು ರಾಜ್ಯಪುಷ್ಪ ಮಾಡಿಕೊಂಡಿದೆ. ನಮ್ಮ ಕಡೆ ಅದಕ್ಕೆ ಇನ್ನೂ ಅಂಥ ಮನ್ನಣೆ ಇಲ್ಲ.

ಅಲಂಕಾರಕ್ಕೂ ಈ ಹದವೇ ಬೇಕು. ತೊಗಟೆಯಲ್ಲಿ ಹದವಾದ ದಪ್ಪ ತೊಗಲನ್ನು ತೇವ ಮಾಡಿ ಅಚ್ಚು ಒತ್ತಿದರೆ ಗುರುತು ಉಳಿಯುತ್ತದೆ, ಗೆರೆ ಕೊರೆದರೆ ನಿಲ್ಲುತ್ತದೆ, ಅಲಗಿನ ಆಕಾರಕ್ಕೆ ಒತ್ತಿ ಒಣಗಿಸಿದರೆ ಅದೇ ರೂಪದಲ್ಲಿ ಗಟ್ಟಿಯಾಗುತ್ತದೆ. ಕ್ರೋಮಿಯಂ ಉಪ್ಪಿನಿಂದ ಬೇಗ ಹದಗೊಳಿಸಿದ ಕಾರ್ಖಾನೆಯ ತೊಗಲು ಮೆದು, ಜಾರುವಂಥದು. ಒತ್ತಿದ ಗುರುತು ಅದರಲ್ಲಿ ಮಾಸಿಹೋಗುತ್ತದೆ. ಬೀದರ್ ಸೀಮೆಯಲ್ಲಿ ಸಾಕುವ ಉಸ್ಮಾನಾಬಾದಿ ಮೇಕೆಯ ತೊಗಲಿನಂಥ ತೆಳುವಾದದ್ದು ಹೊದಿಕೆಗೂ ಹೊಲಿಗೆಯ ದಾರಪಟ್ಟಿಗೂ ಒಗ್ಗುತ್ತದೆ. ಒರೆಯ ಬೆನ್ನಿಗೆ ಎಮ್ಮೆಯ ದಪ್ಪ ತೊಗಲೇ ಆಗಬೇಕು.

ತೊಗಲಿನ ಕಸುಬುದಾರರಿಗೆ ಈ ಜಿಲ್ಲೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ಹಿರಿಮೆ ಇದೆ. 12ನೇ ಶತಮಾನದ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಸಮಗಾರ ಹರಳಯ್ಯನವರನ್ನೂ ತೊಗಲು ಹದ ಮಾಡುವ ಡೋಹರ ಕಕ್ಕಯ್ಯನವರನ್ನೂ ಶರಣರೆಂದು ಎದುರುಗೊಂಡ ಊರು. ಹರಳಯ್ಯ–ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿ ಇದೆ. ಆ ಕಾಲದ ಕನಸಿಗೂ ಮುಂದಿನ ಶತಮಾನಗಳ ವಾಸ್ತವಕ್ಕೂ ನಡುವೆ ದೊಡ್ಡ ಕಂದರ. ಊರಿನ ಆಯದ ವ್ಯವಸ್ಥೆಯಲ್ಲಿ (ಮರಾಠಿ ನೆರೆಯವರ ಬಲುತೆ) ಸಮಗಾರ ಮತ್ತು ಮಾದಿಗ ಕುಟುಂಬಗಳು ಬಾರುಕೋಲು, ಮಿಣಿ, ಬಾವಿಯ ಕಪಿಲೆಯ ತೊಗಲಚೀಲ, ಚಪ್ಪಲಿ ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದವು. ಕಮ್ಮಾರನಿಗೂ ಅದೇ ಆಯ. ಆದರೆ ಊರೊಳಗಿನ ಜಾಗ ಇಬ್ಬರಿಗೂ ಒಂದೇ ಆಗಿರಲಿಲ್ಲ. ಅರಮನೆಯ ಒರೆಗಳನ್ನು ಮ್ಯೂಸಿಯಂಗಳು ಜೋಪಾನ ಮಾಡಿದವು. ಅವುಗಳನ್ನು ಹೊಲಿದ ಕೈಗಳ ಹೆಸರು ಯಾರೂ ಬರೆದಿಡಲಿಲ್ಲ. ಇದು ಕೇವಲ ಮರೆವಲ್ಲ, ಅನ್ಯಾಯ.

ಇಂದಿಗೂ ಧರಿಸುವ ಕತ್ತಿಗಳು

ಬೀದರಿನಲ್ಲಿ ಕತ್ತಿಯನ್ನು ಇನ್ನೂ ಮೈಮೇಲೆ ಧರಿಸುವ ಸಮುದಾಯವೆಂದರೆ ಸಿಖ್ಖರು. ಗುರು ನಾನಕರು 16ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಾಗ ಸಿಹಿನೀರಿನ ಚಿಲುಮೆ ಉಕ್ಕಿತೆಂಬ ನಂಬಿಕೆಯ ನಾನಕ್ ಝೀರಾ ಸಾಹಿಬ್ ಗುರುದ್ವಾರ ದೂರದೂರದ ಯಾತ್ರಿಕರನ್ನು ಸೆಳೆಯುತ್ತದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಖಾಲ್ಸಾ ಕಟ್ಟಿದಾಗ ಮುಂದೆ ಬಂದ ಐವರು ಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. 1708ರಲ್ಲಿ ಗುರು ಗೋಬಿಂದರು ದೇಹ ಬಿಟ್ಟ ನಾಂದೇಡ್ ಔರಾದ್ ತಾಲ್ಲೂಕಿನ ನೆರೆಯ ಜಿಲ್ಲೆ. ಅಮೃತ ಪಡೆದ ಸಿಖ್ಖರು ಧರಿಸುವ ಕಿರ್ಪಾಣಿನಲ್ಲಿ ಅಲಗು, ಹಿಡಿ, ಒರೆ ಮೂರೂ ಉಳಿದಿವೆ. ಹೆಗಲಿನಿಂದ ಅಡ್ಡಲಾಗಿ ಬರುವ ಗಾತ್ರಾ ಎಂಬ ಪಟ್ಟಿ ಬಟ್ಟೆಯದೋ ತೊಗಲಿನದೋ ಆಗಿರುತ್ತದೆ. ಕಿರ್ಪಾಣ್ ಧರಿಸುವುದನ್ನು ಸಂವಿಧಾನದ 25ನೇ ವಿಧಿಯ ವಿವರಣೆ ಧರ್ಮಾಚರಣೆಯ ಭಾಗವೆಂದೇ ಒಪ್ಪಿಕೊಂಡಿದೆ.

ನಿಜಾಮರ ಕಾಲದಲ್ಲಿ, ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಹದ್ರಮೌತಿನಿಂದ ಬಂದ ಅರಬ್ ಸಿಪಾಯಿಗಳು ಸೊಂಟಕ್ಕೆ ಜಂಬಿಯಾ ಎಂಬ ಬಾಗಿದ ಬಾಕು ಸಿಕ್ಕಿಸಿಕೊಳ್ಳುತ್ತಿದ್ದರು. ಅದರಲ್ಲಿ ಒರೆ ಅಲಗಿಗಿಂತ ಎಷ್ಟೋ ಹೆಚ್ಚು ಬಾಗಿರುತ್ತದೆ, ಬೆಳ್ಳಿಯ ಹೊದಿಕೆ ಹೆಚ್ಚಿದಷ್ಟೂ ಧರಿಸಿದವನ ಅಂತಸ್ತು ಹೆಚ್ಚು.

ಕರ್ನಾಟಕದಲ್ಲಿ ಈ ಪರಂಪರೆ ಅತ್ಯಂತ ಜೀವಂತವಾಗಿರುವುದು ಮಾತ್ರ ರಾಜ್ಯದ ಇನ್ನೊಂದು ಗಡಿಯಲ್ಲಿ, ಕೊಡಗಿನಲ್ಲಿ. ಕೊಡವ ಗಂಡಸರು ಕುಪ್ಯ ಎಂಬ ನಿಲುವಂಗಿಯ ಮೇಲೆ ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಸುತ್ತಿ ಅದರಲ್ಲಿ ಮುಂದಕ್ಕೆ ಪೀಚೆಕತ್ತಿ ಸಿಕ್ಕಿಸುತ್ತಾರೆ. ಮರದ ಒರೆಗೆ ಬೆಳ್ಳಿಯ ಕಟ್ಟು, ಅನುಕೂಲಸ್ಥರಲ್ಲಿ ಚಿನ್ನದ ಕಟ್ಟು, ಜೊತೆಗೆ ಬೆಳ್ಳಿಯ ಸರಪಳಿ. ಒಡಿಕತ್ತಿ ಅಗಲವಾಗಿ ಮುಂದಕ್ಕೆ ಬಾಗಿದ ಭಾರಿ ಕತ್ತಿ. ಅದಕ್ಕೆ ಒರೆಯೇ ಇಲ್ಲ. ಬೆನ್ನ ಹಿಂದಿನ ತೋಡಂಗ್ ಎಂಬ ಹಿತ್ತಾಳೆಯ ಕೊಕ್ಕೆಯಲ್ಲಿ ಬರಿದಾಗಿಯೇ ನಿಲ್ಲುತ್ತದೆ. ಮದುವೆಯಲ್ಲಿ ಬಾಳೆದಿಂಡು ಕಡಿಯುವುದು ಈ ಕತ್ತಿಯಿಂದ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದಿನಲ್ಲಿ ಆಯುಧಗಳಿಗೆ ಪೂಜೆ ಸಲ್ಲುತ್ತದೆ. ಬೀದರಿಗೂ ಕೊಡಗಿಗೂ ಇರುವ ವ್ಯತ್ಯಾಸ ಕೈಚಳಕದ್ದಲ್ಲ. ಕೊಡಗಿನಲ್ಲಿ ಪ್ರತಿ ಮದುವೆಗೂ ಪೀಚೆಕತ್ತಿ ಬೇಕು, ಆದ್ದರಿಂದ ಅದರ ಮೂರು ಭಾಗಗಳೂ ಒಂದಾಗಿ ಉಳಿದವು. ಬೀದರಿನಲ್ಲಿ ಸುಲ್ತಾನರೊಂದಿಗೆ ದರಬಾರಿನ ಕತ್ತಿ ಹೋಯಿತು. ಬೆಳ್ಳಿಯ ಕೆಲಸ ಹುಕ್ಕಾದ ಆಶ್ರಯದಲ್ಲಿ ಬದುಕಿತು, ಒರೆಯ ಕೆಲಸಕ್ಕೆ ಆಶ್ರಯ ಸಿಗಲಿಲ್ಲ.

ಈಗಿನ ಸ್ಥಿತಿ

1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಬಳಕೆ, ಬೇಸಾಯ ಮತ್ತು ಕೈಗಾರಿಕೆಗಾಗಿ ಮಾಡಿದವನ್ನು ಹೊರಗಿಡುತ್ತವೆ. ಆದ್ದರಿಂದ ಕೊಯ್ತಾ, ಈಳಿಗೆ ಮಾಡುವ ಕಮ್ಮಾರನಿಗೆ ಕಾನೂನಿನ ಅಡ್ಡಿ ಇಲ್ಲ. ಅವನಿಗಿರುವ ತೊಡಕು ಕಾರ್ಖಾನೆಯಲ್ಲಿ ಅಚ್ಚೊತ್ತಿ ಬರುವ ಅಗ್ಗದ ಕತ್ತಿ.

ಬೀದರಿನ ಸಿದ್ದೀಕ್ ತಾಲೀಮ್ ರಸ್ತೆಯ ಬಿದರಿ ಮಳಿಗೆಗಳಲ್ಲಿ ಬೆಳ್ಳಿ ಮತ್ತು ಸತುವಿನ ಬೆಲೆ ಏರಿದಾಗಲೆಲ್ಲ ಸಣ್ಣ ವಸ್ತುಗಳ ಕಡೆ ಒಲವು ಹೆಚ್ಚುತ್ತದೆ. ಕಾಗದದ ಚೂರಿ ಅಂಥದೊಂದು. ಅಂಗೈಯಷ್ಟು ಬೆಳ್ಳಿ ಸಾಕು, ಆದರೂ ಬಿದರಿಯ ಗುಣವೆಲ್ಲ ಅದರ ಹಿಡಿಯಲ್ಲಿ ಇಳಿಯುತ್ತದೆ. ಅದಕ್ಕೊಂದು ತೊಗಲಿನ ಒರೆ ಮಾಡಿಸಬಹುದು. ಉಕ್ಕಿನ ಅಲಗಿಗೆ ಬಿದರಿಯ ಹಿಡಿ ಕೂರಿಸಿದ ಅಡುಗೆಯ ಚಾಕು, ಹಣ್ಣಿನ ಚಾಕು ಮಾಡಿಸಬಹುದು. ಹಳೆಯ ಕತ್ತಿಗಳಲ್ಲಿ ಅಲಗು ಒಬ್ಬರದು, ಹಿಡಿ ಒಬ್ಬರದು ಆಗಿದ್ದದ್ದು ಹೀಗೆಯೇ. ತೊಗಲಿನ ಕಸುಬುದಾರರಿಗಾಗಿ ರಾಜ್ಯದಲ್ಲಿ 1976ರಿಂದ ಲಿಡ್ಕರ್ ನಿಗಮ ಇದೆ, ಬಿದರಿಗೆ ಕರಕುಶಲ ಇಲಾಖೆಯ ನೆರವಿದೆ. ಎರಡರ ಕಡತಗಳೂ ಬೇರೆ, ತರಬೇತಿ ಬೇರೆ, ಮಳಿಗೆ ಬೇರೆ. ಭಾಲ್ಕಿಯ ಕುಲುಮೆಯವರು, ಔರಾದಿನ ಸಮಗಾರರು, ಬೀದರಿನ ಕುಸುರಿಗಾರರು ಒಂದೇ ಕೊಠಡಿಯಲ್ಲಿ ಆರು ತಿಂಗಳು ಕೂತು ಕೆಲಸ ಮಾಡುವಂಥ ಒಂದು ತರಬೇತಿಗೆ ಬೇಕಾದದ್ದೆಲ್ಲ ಈ ಮೂರು ತಾಲ್ಲೂಕುಗಳ ಒಳಗೇ ಇದೆ. ತಂಗಡಿಯನ್ನೂ ಬೇರೆ ಕಡೆಯಿಂದ ತರಬೇಕಿಲ್ಲ.